ನಿಂಬೆಹಣ್ಣು ತುಳಿದ ಪ್ಯಾಕಾರ್ಡ್

ಆಯುಧಪೂಜೆಯ ರಾತ್ರಿ. ತೊಂಬತ್ತೊಂಬತ್ತನೇ ಇಸವಿ. ನನ್ನ ಚಿಕ್ಕಪ್ಪನ ಮಗ ಮಹಾಂತೇಶ ಉದಯಗಿರಿಯಲ್ಲಿದ್ದ ತನ್ನ ಗ್ಯಾರೇಜಿಗೆ ಬೀಗ ಹಾಕಿ, ಸಿದ್ಧಾರ್ಥನಗರದ ಮನೆಗೆ ನಡೆದುಕೊಂಡು ಹೊರಟ. ಸ್ಕೂಟರ್ ಇತ್ತು. ಆದರೆ ನಮ್ಮ ಮನೆತನದಲ್ಲಿ ಗಾಡಿಗೆ ಪೂಜೆಯಾಗಿ, ನಿಂಬೆಹಣ್ಣು ತುಳಿಸಿ ನಿಲ್ಲಿಸಿದ ಮೇಲೆ ಮಾರನೇ ದಿನದವರೆಗೆ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಕಾಲ್ನಡಿಗೆ.

ಊರೆಲ್ಲ ಅರಮನೆ ದೀಪ ನೋಡಲು ಹೋಗಿತ್ತು. ಈ ಕಡೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಅರ್ಧ ದಾರಿಯಲ್ಲಿ ಒಂದು ಹಳೇ ಬಾವಿ, ಪಕ್ಕದಲ್ಲಿ ಆಲದ ಮರ. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಹೋಗಿ ಹುಡುಕಬೇಡಿ. ಆಗ ಬರೀ ಖಾಲಿ ಸೈಟುಗಳು, ರಸ್ತೆಗೆಂದು ಸುರಿದ ಜಲ್ಲಿ.

ಜಲ್ಲಿಯ ಮೇಲೆ ಸದ್ದಾಯಿತು. ಚರ... ಚರ... ಚರ...

ಟೈರಿನ ಸದ್ದು. ಗ್ಯಾರೇಜಿನವನು ಅವನು, ಗೊತ್ತಾಗದೆ ಇರುತ್ತದೆಯೇ. ಭಾರವಾದ ಗಾಡಿ, ನಿಧಾನಕ್ಕೆ ಉರುಳುತ್ತಿದೆ. ತಿರುಗಿ ನೋಡಿದ. ಹೆಡ್‌ಲೈಟಿಲ್ಲ. ಎಂಜಿನ್ ಸದ್ದಿಲ್ಲ. ಪೆಟ್ರೋಲ್ ಮುಗಿದು ಯಾರೋ ತಳ್ಳಿಕೊಂಡು ಬರುತ್ತಿದ್ದಾರೆ ಅಂದುಕೊಂಡ. ನಿಂತ. ಸದ್ದೂ ನಿಂತಿತು. ನಡೆದ... ಚರ... ಚರ...

ಬಾವಿಕಟ್ಟೆಯ ಹತ್ತಿರ ಅದು ಅವನ ಪಕ್ಕಕ್ಕೇ ಬಂತು. ಮೊದಲು ಕಂಡದ್ದು ಹಕ್ಕಿ. ಕತ್ತಲಲ್ಲಿ, ಎದೆಯ ಎತ್ತರಕ್ಕೆ, ರೆಕ್ಕೆ ಎತ್ತಿ ಕತ್ತು ಬಗ್ಗಿಸಿದ ಬಿಳಿ ಲೋಹದ ಹಕ್ಕಿ. ಅದರ ಹಿಂದೆ ಉದ್ದನೆಯ ಬಾನೆಟ್ಟು. ಆಮೇಲೆ ಗಾಜು.

ಅವನದೇ ಗಾಡಿ. ಈಗ ತಾನೇ ಒಳಗೆ ಬಿಟ್ಟು, ಷಟರ್ ಎಳೆದು, ಬೀಗ ಜಗ್ಗಿ ನೋಡಿ ಬಂದಿದ್ದ ಗಾಡಿ.

ಡ್ರೈವರ್ ಸೀಟು ಖಾಲಿ. ಹಿಂದಿನ ಸೀಟಿನಲ್ಲಿ ಯಾರೋ ಕೂತಿದ್ದರು. ಮುಖ ಕಾಣಲಿಲ್ಲ. ಕೋರ್ಟಿಗೆ ಹೋಗುವಾಗ ವಕೀಲರು ಕತ್ತಿಗೆ ಕಟ್ಟಿಕೊಳ್ಳುತ್ತಾರಲ್ಲ ಎರಡು ಬಿಳಿ ಪಟ್ಟಿ... ಅವಷ್ಟೇ ಕಂಡವು. ಗಾಜು ಇಳಿಸುವ ಹಿಡಿ ತಿರುಗಿತು. ಕಿರ್ರ್... ಕಿರ್ರ್... ಕಿರ್ರ್...

"ಎಂಜಿನ್ ಎಲ್ಲಪ್ಪಾ?"

ಪಿಸುದನಿ. ಗದರಿಕೆಯಲ್ಲ, ಸಿಟ್ಟಲ್ಲ. ಅಂಗಡಿಗೆ ಬಂದ ಗಿರಾಕಿ ತಾನು ಹೇಳಿಹೋದ ಸಾಮಾನು ಎಲ್ಲಿ ಅಂತ ಕೇಳುವ ಹಾಗೆ.

ಮಹಾಂತೇಶ ಓಡಿದ. ಮನೆ ಸೇರುವವರೆಗೆ ಹಿಂದೆ ತಿರುಗಲಿಲ್ಲ.

ಕೇಳಿದ ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಆ ಗಾಡಿಯಲ್ಲಿ ಎಂಜಿನ್ ಇರಲಿಲ್ಲ. ಇಳಿಸಿ ಗುಜರಿಗೆ ಹಾಕಿದ್ದ. ಕೊಂಡವನು ನಾನು.

ಹೊಸಬರು ಇಬ್ಬರು ಮೂವರು ಕೂತಿದ್ದೀರಿ, ಅದಕ್ಕೆ ಹೇಳಿಬಿಡುತ್ತೇನೆ. ನಾನು ಷಡಕ್ಷರಿ. ಅಗ್ರಹಾರದಲ್ಲಿ ಹಳೇ ಕಬ್ಬಿಣ, ಹಳೇ ಗಾಡಿ ಸಾಮಾನು, ನಮ್ಮ ತಾತನ ಕಾಲದಿಂದ ಇದೇ ವ್ಯಾಪಾರ. ಸತ್ತ ಗಾಡಿಗಳ ಮೇಲೆಯೇ ನಮ್ಮ ಮನೆ ನಡೆದಿರುವುದು. ಅವುಗಳಿಗೆಲ್ಲ ದೆವ್ವ ಇದ್ದಿದ್ದರೆ ನಮ್ಮ ಗೋಡೌನಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನಾನು ಹೇಳುತ್ತಿರುವುದು ಒಂದೇ ಗಾಡಿಯ ವಿಷಯ.

ಅದು ಪ್ಯಾಕಾರ್ಡ್. ಅಮೆರಿಕದ ಗಾಡಿ. ಒಂದು ಕಾಲಕ್ಕೆ ರಾಜರು, ದಿವಾನರು ಏರಿದ್ದು. ಅದರ ಕಂಪನಿ ಹುಟ್ಟಿದ ರೀತಿ ಯಾವ ವ್ಯಾಪಾರಿಗೂ ಇಷ್ಟವಾಗುತ್ತದೆ. ಪ್ಯಾಕಾರ್ಡ್ ಅನ್ನುವವನು ಬೇರೆ ಯಾವನೋ ಮಾಡಿದ ಕಾರು ಕೊಂಡು, ಅದು ಕೆಟ್ಟು ಕೆಟ್ಟು ನಿಂತಾಗ ಮಾಡಿದವನ ಹತ್ತಿರವೇ ಹೋಗಿ ಹೀಗಿಹೀಗೆ ತಪ್ಪಿದೆ ಅಂತ ಹೇಳಿದನಂತೆ. ಅವನು "ಅಷ್ಟು ಗೊತ್ತಿದ್ರೆ ನೀನೇ ಒಂದು ಮಾಡ್ಕೊ ಹೋಗಯ್ಯ" ಅಂದನಂತೆ. ಇವನು ಹೋಗಿ ಮಾಡಿಯೇಬಿಟ್ಟ. ಗಿರಾಕಿಯನ್ನು ಬೈದು ಕಳಿಸಿದರೆ ಏನಾಗುತ್ತದೆ ನೋಡಿ.

ಅವರ ಜಾಹೀರಾತಿನಲ್ಲಿ ಗುಣಗಾನ ಇರುತ್ತಿರಲಿಲ್ಲ. "ಇಟ್ಟುಕೊಂಡವರನ್ನು ಕೇಳಿ" ಅಷ್ಟೇ. ಎಂಥ ಧೈರ್ಯ! ಆಮೇಲೆ ಅಲ್ಲಿ ಕೆಟ್ಟ ಕಾಲ ಬಂತು, ಅದೇ ಹೆಸರಿನಲ್ಲಿ ಅಗ್ಗದ ಗಾಡಿಯನ್ನೂ ಮಾಡಿದರು. ಹೊಟ್ಟೆ ತುಂಬಿತು, ಮರ್ಯಾದೆ ಹೋಯಿತು. ಅರಿಶಿನದ ಕೊಂಬು ಮಾರುವವನ ಅಂಗಡಿಗೆ ಕೇಸರಿ ಕೊಳ್ಳುವವನು ಬರುವುದಿಲ್ಲ. ಕೊನೆಗೆ ಇನ್ನೊಂದು ಬಡಕಲು ಕಂಪನಿಯ ಜೊತೆ ಕೂಡಿಕೊಂಡರು. ಸ್ವಂತ ಕಾರ್ಖಾನೆ ಮುಚ್ಚಿತು. ಕೊನೆಯ ಎರಡು ವರ್ಷ ಆ ಇನ್ನೊಂದು ಕಂಪನಿಯ ಗಾಡಿಗೆ ತಮ್ಮ ಹೆಸರಿನ ಬಿಲ್ಲೆ ಅಂಟಿಸಿ ಮಾರಿದರು. ಬಾನೆಟ್ ಮೇಲೆ ಹೆಸರು ಇವರದು, ಒಳಗೆ ಎಂಜಿನ್ ಅವರದು. ಐವತ್ತೆಂಟಕ್ಕೆ ಅದೂ ಮುಗಿಯಿತು.

ಇದನ್ನೆಲ್ಲ ನನಗೆ ಹೇಳಿದವರು ವಕೀಲ ಲಕ್ಷ್ಮೀನರಸಿಂಹ. ನಮ್ಮ ಅಂಗಡಿಯ ಹಿಂದಿನ ಬೀದಿ. ಅವರ ತಂದೆ ಅರಮನೆ ಕೆಲಸದಲ್ಲಿದ್ದಾಗ ಕೊಂಡ ಗಾಡಿ ಅದು. ಕಡುಹಸಿರು, ಒಂದೇ ಸಾಲಿಗೆ ಎಂಟು ಸಿಲಿಂಡರ್. ವಕೀಲರು ಅದನ್ನು ಓಡಿಸಿದ್ದಕ್ಕಿಂತ ಅದರಲ್ಲಿ ಕೂತದ್ದೇ ಹೆಚ್ಚು. ಸಂಜೆ ಕೋರ್ಟಿನಿಂದ ಬಂದವರು ಕತ್ತಿನ ಪಟ್ಟಿಯನ್ನೂ ಬಿಚ್ಚದೆ ಷೆಡ್ಡಿಗೆ ಹೋಗಿ, ಎಂಜಿನ್ ಚಾಲೂ ಮಾಡಿ, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನಾನು ಒಮ್ಮೆ ಹೋಗಿದ್ದಾಗ ಒಂದು ಆಟ ತೋರಿಸಿದರು. ಬಾನೆಟ್ ಎತ್ತಿ, ಓಡುತ್ತಿರುವ ಎಂಜಿನ್ ಮೇಲೆ ಬೆಳ್ಳಿ ಲೋಟ ಇಟ್ಟು ಅಂಚಿನವರೆಗೆ ನೀರು ತುಂಬಿದರು. ಒಂದು ಅಲೆ ಏಳಲಿಲ್ಲ, ಸ್ವಾಮಿ. ಬಗ್ಗಿ ಕಿವಿ ಕೊಟ್ಟರೆ... ಸುಯ್ಯ್... ಅಂತ, ಮಲಗಿದ ಮಗುವಿನ ಉಸಿರಿನ ಹಾಗೆ.

"ಷಡಕ್ಷರಿಗಳೇ, ಇದನ್ನ ಕೇಳಿದ ಮೇಲೆ ಬೇರೆ ಎಂಜಿನ್ ಕೇಳೋಕೆ ಆಗೋದಿಲ್ಲ ಕಣ್ರೀ," ಅಂದರು.

ಒಂದು ಸಂಜೆ ಹಾಗೆ ಕೂತಲ್ಲಿಯೇ ಹೋಗಿಬಿಟ್ಟರು. ಷೆಡ್ಡಿನ ಬಾಗಿಲು ಮುಚ್ಚಿ, ಹೊಗೆ ಒಳಗೇ ತುಂಬಿತ್ತಂತೆ. ಎಂಜಿನ್ ಓಡುತ್ತಲೇ ಇತ್ತು. ಸದ್ದಿಲ್ಲವಲ್ಲ, ಅಡುಗೆಮನೆಯಲ್ಲಿದ್ದ ಹೆಂಡತಿ ಚೂಡಾಮಣಿಯವರಿಗೆ ತಿಳಿಯಲೇ ಇಲ್ಲ.

ಆಮೇಲೆ ಗಾಡಿ ಹಾಗೇ ನಿಂತಿತು. ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ಮಹಾಂತೇಶ ಅದನ್ನು ಕೇಳಿಕೊಂಡು ಹೋದ. ಅವನ ಕಥೆಯೂ ಪ್ಯಾಕಾರ್ಡ್ ಕಂಪನಿಯದೇ. ಫಿಯಟ್ ರಿಪೇರಿಯಲ್ಲಿ ಎತ್ತಿದ ಕೈ. ಆದರೆ ಫಿಯಟ್ಟಿನ ಕಾಲವೇ ಮುಗಿಯುತ್ತಾ ಬಂದಿತ್ತು. ಜನ ಮಾರುತಿ ತಗೊಂಡು ಎಸಿ ಹಾಕಿದ ಸರ್ವಿಸ್ ಸ್ಟೇಷನ್ನಿಗೆ ಹೋಗುತ್ತಿದ್ದರು. ಪ್ಯಾಕಾರ್ಡನ್ನು ರೆಡಿ ಮಾಡಿ ಮದುವೆಗಳಿಗೆ ಬಾಡಿಗೆ ಬಿಡುವುದು ಅವನ ಲೆಕ್ಕ. ಗಂಡು ಹೆಣ್ಣು ಕೂರಿಸಿ ಛತ್ರದ ಬಾಗಿಲಿಗೆ ತಂದು ನಿಲ್ಲಿಸುವುದು. ಅದು ಕೈಹಿಡಿದರೆ ಗ್ಯಾರೇಜ್ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಲೆಕ್ಕ ಕೆಟ್ಟದ್ದೇನಲ್ಲ.

ಚೂಡಾಮಣಿಯವರು ಕೊಟ್ಟರು. ಕೊಡುವಾಗ ಒಂದೇ ಮಾತು ಹೇಳಿದರು. ನಾನು ಅಲ್ಲೇ ಇದ್ದೆ.

"ಓಡಿಸಿ, ನಿಲ್ಸಿ, ಮಾರಿ, ಅದು ನಿಮ್ಮಿಷ್ಟ. ಎಂಜಿನ್ ಮಾತ್ರ ಬೇರೆ ಮಾಡ್ಬೇಡಿ. ಇವರು ಒಪ್ಪೋದಿಲ್ಲ."

ಒಪ್ಪುತ್ತಿರಲಿಲ್ಲ ಅನ್ನಲಿಲ್ಲ ಆಕೆ. ಒಪ್ಪೋದಿಲ್ಲ ಅಂದರು. ಮಹಾಂತೇಶ "ಆಗ್ಲಿ ಅಮ್ಮಾ, ಬುಡಿ," ಅಂದ. ಗಾಡಿ ಸಿಗುವ ಸಂತೋಷದಲ್ಲಿ ಎಲ್ಲರೂ ಎಲ್ಲದಕ್ಕೂ ಆಗಲಿ ಅನ್ನುತ್ತಾರೆ.

ಬಿಚ್ಚಿ ನೋಡಿದರೆ ಎಂಜಿನ್ ಬ್ಲಾಕ್ ಉದ್ದಕ್ಕೂ ಸೀಳಿತ್ತು. ಬೆಸುಗೆ ನಿಲ್ಲಲಿಲ್ಲ. ಬೇರೆ ಬ್ಲಾಕ್ ತರಿಸೋಣ ಅಂದರೆ ಯಾರಿಗೆ ಬರೆಯುವುದು? ಕಂಪನಿಯೇ ಸತ್ತು ನಲವತ್ತು ವರ್ಷ. ಅಂಥ ಹೊತ್ತಿನಲ್ಲಿ ನಮ್ಮ ಕಡೆಯ ಗ್ಯಾರೇಜಿನವರೆಲ್ಲ ಏನು ಮಾಡುತ್ತಿದ್ದರೋ ಅವನೂ ಅದನ್ನೇ ಮಾಡಲು ಹೊರಟ. ಮ್ಯಾಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸುವುದು. ಪೆಟ್ರೋಲ್ ಖರ್ಚೂ ಉಳಿಯಿತು. ಅಂಬಾಸಡರ್‌ಗೆ, ಜೀಪಿಗೆ, ಹಳೇ ಡಾಡ್ಜಿಗೆ, ಎಲ್ಲಕ್ಕೂ ಅದೇ ಮದ್ದು. ಹಳೇ ಎಂಜಿನ್ ಚೈನ್ ಪುಲ್ಲಿಯಲ್ಲಿ ಮೇಲೆತ್ತಿ ನನಗೆ ಹಾಕಿದ. ಒಳ್ಳೇ ಬೀಡುಕಬ್ಬಿಣ. ನಾನು ಕೊಯಮತ್ತೂರಿನ ಫೌಂಡ್ರಿಗೆ ಹೋಗುವ ಲಾರಿಗೆ ಏರಿಸಿದೆ. ಇವತ್ತು ಬಂದರೂ ಏರಿಸುತ್ತೇನೆ. ಸೀಳಿದ ಬ್ಲಾಕನ್ನು ಪೂಜೆಗೆ ಇಟ್ಟುಕೊಳ್ಳಲಾಗುತ್ತದೆಯೇ?

ಮ್ಯಾಟಡಾರ್ ಎಂಜಿನ್ ಬರುವುದು ತಡವಾಯಿತು. ಅಷ್ಟರಲ್ಲಿ ಆಯುಧಪೂಜೆ ಬಂತು. ಹೊಟ್ಟೆ ಖಾಲಿಯಿರುವ ಗಾಡಿಯನ್ನೂ ಅವನು ಮಿಕ್ಕ ಗಾಡಿಗಳ ಹಾಗೇ ತೊಳೆದು, ವಿಭೂತಿ ಎಳೆದು, ಹಕ್ಕಿಯ ಕತ್ತಿಗೆ ಸೇವಂತಿಗೆ ಹಾರ ಹಾಕಿದ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಲು ಬಗ್ಗಿದಾಗ ಅವನ ಹೆಂಡತಿ ಅಕ್ಷತಾ ತಡೆದಳು.

"ಓಡ್ದೇ ಇರೋ ಗಾಡಿಗೆ ನಿಂಬೆಹಣ್ಣು ಇಡ್ಬಾರ್ದು ಕಣ್ರೀ. ಇಟ್ಮೇಲೆ ತುಳೀಬೇಕು. ಹೊರಡು ಅಂತ ಹೇಳ್ದಂಗೆ ಅದು."

"ಹೊರಡ್ಲಿ ಬುಡು. ಹೊರಟ್ರೆ ಮ್ಯಾಟಡಾರ್ ದುಡ್ಡು ಉಳೀತು," ಅಂದನಂತೆ ಇವನು.

ಎಲ್ಲರೂ ನಕ್ಕರು. ಹಣ್ಣು ಹಾಗೇ ಇಟ್ಟು, ಎಂಜಿನ್ ಬಂದ ದಿನ ತುಳಿಸಿದರಾಯಿತು ಅಂತ ಬೀಗ ಹಾಕಿದ. ಆ ರಾತ್ರಿಯೇ ಬಾವಿ ಹತ್ತಿರ ಆದದ್ದನ್ನು ಮೊದಲೇ ಹೇಳಿದೆನಲ್ಲ.

ಬೆಳಗ್ಗೆ ಅವನು ಹೋಗಿ ಬೀಗ ತೆಗೆದ. ಗಾಡಿ ತನ್ನ ಜಾಗದಲ್ಲೇ ಇತ್ತು. ಹಾರ ಕೂಡ ಬಾಡಿರಲಿಲ್ಲ. ನಿಂಬೆಹಣ್ಣು ನಾಲ್ಕೂ ಅಪ್ಪಚ್ಚಿ.

ಸೀದಾ ನನ್ನ ಅಂಗಡಿಗೆ ಬಂದ. ನಾನಿನ್ನೂ ಊದುಬತ್ತಿ ಹಚ್ಚುತ್ತಿದ್ದೆ.

"ಅಣ್ಣಾ... ಎಂಜಿನ್ ವಾಪಸ್ ಕೊಡು."

"ಯಾವ ಎಂಜಿನ್ನೋ?"

"ಪ್ಯಾಕಾರ್ಡಿಂದು. ಸೀಳಿದ್ರೂ ಪರವಾಗಿಲ್ಲ. ಒಳಗೆ ಕೂರ್ಸಿಬುಡ್ತೀನಿ. ಓಡ್ದಿದ್ರೂ ಇರ್ಲಿ... ಇರ್ಲಿ ಅಷ್ಟೇ."

"ಲಾರಿ ಹೋಗಿ ಎಷ್ಟು ದಿನ ಆಯ್ತಪ್ಪ."

"ಫೋನ್ ಮಾಡು."

ಮುಖ ನೋಡಿದೆ. ಮಾತು ಬೆಳೆಸದೆ ಟ್ರಂಕಿನಂಥ ಆ ಹಳೇ ಫೋನಿನಲ್ಲಿ ಕೊಯಮತ್ತೂರಿಗೆ ಮಾಡಿದೆ. ಅವರು ನಕ್ಕರು. ಅದು ಯಾವಾಗಲೋ ಕರಗಿ ನೀರೆತ್ತುವ ಪಂಪುಗಳಾಗಿ ಮಾರಾಟಕ್ಕೂ ಹೋಗಿತ್ತು. ನಾನು ಹೇಳಿದ್ದನ್ನು ಕೇಳಿ ಮಹಾಂತೇಶ ಸ್ಟೂಲಿನ ಮೇಲೆ ಕೂತ. ಆಗಲೇ ರಾತ್ರಿಯದೆಲ್ಲ ಹೇಳಿದ್ದು. ಗಾಜಿನ ಹಿಡಿ ತಿರುಗಿದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದ... ಕಿರ್ರ್... ಕಿರ್ರ್...

"ಕುಡಿದಿದ್ಯಾ?" ಅಂದೆ.

"ಪೂಜೆ ದಿನ ಕುಡೀತೀನಾ ಅಣ್ಣ?"

ಕುಡಿಯುವವನಲ್ಲ ಅವನು. ಅದು ನನಗೂ ಗೊತ್ತು.

ಅಲ್ಲಿಂದ ಮುಂದೆ ಅವನಿಗೆ ಒಂದೇ ಕೆಲಸ. ಬೊಂಬಾಯಿಯ ಚೋರ್ ಬಜಾರಿನಲ್ಲಿ ಕೇಳಿಸಿದ, ಮದರಾಸಿನಲ್ಲಿ ಕೇಳಿಸಿದ, ಹೈದರಾಬಾದಿಗೆ ತಾನೇ ಹೋಗಿ ಬಂದ. ಪ್ಯಾಕಾರ್ಡ್ ಇದ್ದವರು ಎಂಜಿನ್ ಕೊಡುವುದಿಲ್ಲ, ಎಂಜಿನ್ ಕೊಡುವವರ ಹತ್ತಿರ ಪ್ಯಾಕಾರ್ಡಿಲ್ಲ. ಚೂಡಾಮಣಿಯವರ ಹತ್ತಿರವೂ ಹೋದ. ಮನೆ ಖಾಲಿ ಮಾಡಿಕೊಂಡು ತಂಗಿಯ ಮನೆ ಸೇರಿದ್ದರು. ಬಾಗಿಲಲ್ಲೇ ನಿಲ್ಲಿಸಿ ಕೇಳಿದರಂತೆ.

"ಎಂಜಿನ್ ತೆಗೆದ್ರಾ?"

"ತೆಗೆದೆ ಅಮ್ಮಾ. ತಪ್ಪಾಯ್ತು. ಯಜಮಾನ್ರಿಗೆ ನೀವೊಂದು ಮಾತು ಹೇಳಿ..."

"ನಾನೇನು ಹೇಳ್ಲಿ? ಗಾಡಿ ಈಗ ನಿಮ್ಮದು. ಇಟ್ಕೊಂಡಿರೋವ್ರನ್ನೇ ಕೇಳ್ತಾರೆ ಅವರು."

ಬಾಗಿಲು ಹಾಕಿಕೊಂಡರಂತೆ. ಚಿಲಕದ ಸದ್ದು ಎರಡು ಸಲ ಕೇಳಿತು ಅಂದ.

ಕಾರ್ತಿಕದಲ್ಲಿ ಮ್ಯಾಟಡಾರ್ ಎಂಜಿನ್ ಬಂತು. ಹೇಗೂ ಬಂದಿದೆ, ಕೂರಿಸಿದರೆ ಸುಮ್ಮನಾದಾರು ಅಂತ ಕೂರಿಸಿದ. ನಾನು ನೋಡಲು ಹೋಗಿದ್ದೆ. ಚಾಲೂ ಮಾಡಿದ. ಡಗಡಗಡಗಡಗ... ಬಾನೆಟ್ ಮೇಲಿನ ಹಕ್ಕಿ ಗಡಗಡ ನಡುಗಿತು. ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರ್‌ಗಳು ಕಿಣಿಕಿಣಿ ಅಂದವು. ರೇಷ್ಮೆ ಪಂಚೆ ಉಟ್ಟವನು ಬಾಯಿ ತೆಗೆದು ಸಂತೆಯಲ್ಲಿ ಕೂಗಿದ ಹಾಗಿತ್ತು. ಆದರೂ ಗಾಡಿ ಹೊರಟಿತು. ಒಂದು ಮದುವೆಗೂ ಹೋಗಿಬಂತು. ಹುಡುಗಿಯ ಕಡೆಯವರು "ಏನ್ ಸ್ವಾಮಿ, ರಾಗಿ ಮಿಷನ್ ಕಳ್ಸಿದ್ದೀರಾ?" ಅಂದರಂತೆ. ಅಂದರೂ ಮಹಾಂತೇಶನ ಮುಖದಲ್ಲಿ ಅಷ್ಟು ದಿನದ ಮೇಲೆ ಒಂದಿಷ್ಟು ಬಣ್ಣ ಕಂಡೆ.

ಆಮೇಲೆ ಒಂದು ರಾತ್ರಿ, ಅದೇ ಬಾವಿ. ಆ ದಾರಿ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದ. ಆ ದಿನ ಅಲ್ಲೆಲ್ಲೋ ರಸ್ತೆ ಅಗೆದಿದ್ದರು. ಚರ... ಚರ... ಚರ...

ಡಗಡಗ ಇಲ್ಲ. ಒಳಗೆ ಮ್ಯಾಟಡಾರ್ ಇದ್ದರೂ ಅದರ ಸದ್ದಿಲ್ಲ. ಹಕ್ಕಿ ಬಂತು, ಬಾನೆಟ್ ಬಂತು, ಗಾಜು ಬಂತು. ಕಿರ್ರ್... ಕಿರ್ರ್...

"ಇದಲ್ಲ," ಅಂದರಂತೆ ಒಳಗಿದ್ದವರು.

ಅಷ್ಟೇ.

ಮಾರನೇ ದಿನ ಬಂದು ನನ್ನ ಎದುರು ಕೂತು ಅದನ್ನೂ ಹೇಳಿದ. ನಾನು ಕಡ್ಡಿ ಮುರಿದ ಹಾಗೆ ಹೇಳಿದೆ. "ನೋಡು ಮಹಾಂತೇಶ, ದೆವ್ವ ಇರ್ಲಿ ಇಲ್ದಿರ್ಲಿ, ಕೆಟ್ಟ ಸಾಮಾನನ್ನ ಮನೇಲಿ ಇಟ್ಕೊಂಡು ಗೋಳಾಡೋದು ವ್ಯಾಪಾರ ಅಲ್ಲ. ಗಾಡೀನ ಕತ್ತರ್ಸಿ ಹಾಕು. ಸೋಮವಾರ ನಾನೇ ಲಾರಿ ಕಳಿಸ್ತೀನಿ. ಗ್ಯಾಸ್ ಕಟರ್ ತರ್ತಾರೆ. ಮಧ್ಯಾಹ್ನದೊಳಗೆ ಅದು ಗಾಡಿಯಾಗಿ ಉಳಿಯೋಲ್ಲ."

"ಕತ್ತರ್ಸಿದ್ರೆ ಅವರು ಎಲ್ಲಿ ಕೂತ್ಕೋತಾರಣ್ಣ?"

"ಆ ಚಿಂತೆ ನಿಂಗ್ಯಾಕೋ? ಎಲ್ಲಾದ್ರೂ ನಿಂತ್ಕೊಳ್ಳಿ!"

ಕಾಫಿ ಕುಡಿದು ಮುಗಿಸಿದ. ಆಮೇಲೆ ಸರಿ ಅಂದ. ಹೋಗುವಾಗ ಹೊಸಿಲಲ್ಲಿ ನಿಂತು ತಿರುಗಿ ನಕ್ಕ. "ಸೋಮವಾರ ಮರೀಬೇಡಣ್ಣ. ಆಮೇಲೆ ನಾನು ನಿದ್ದೆ ಮಾಡ್ತೀನಿ."

ಭಾನುವಾರ ರಾತ್ರಿ ಅವನು ಮನೆಗೆ ಬರಲಿಲ್ಲ.

ಅಕ್ಷತಾ ಬೆಳಕು ಹರಿಯುವ ಮೊದಲೇ ಫೋನ್ ಮಾಡಿದಳು. "ಭಾವಾ, ಊಟಕ್ಕೂ ಬರ್ಲಿಲ್ಲ ಇವರು. ಗ್ಯಾರೇಜಿಗೆ ಬೀಗ ಹಾಕಿ ಕೀ ಕೂಡ ಮನೇಗ್ ಬಂದು ಕೊಟ್ಟೋಗಿದ್ರು. ಬೀಡಿ ತರ್ತೀನಿ ಅಂತ ಹೋದೋರು..."

ನಾನು ನಮ್ಮ ಅಂಗಡಿಯ ಆಳುಗಳನ್ನು ಕರೆದುಕೊಂಡು ಹೋದೆ. ಬಾವಿಕಟ್ಟೆಯ ಹತ್ತಿರ ಅವನ ಚಪ್ಪಲಿ ಸಿಕ್ಕಿತು. ಎರಡೂ, ಜೋಡಿಸಿ ಬಿಟ್ಟಿದ್ದ, ಯಾರದೋ ಮನೆಯ ಒಳಗೆ ಹೋಗುವಾಗ ಬಾಗಿಲ ಹೊರಗೆ ಬಿಡುತ್ತೇವಲ್ಲ ಹಾಗೆ. ನಮಗೆಲ್ಲ ಹೊಳೆದದ್ದು ಒಂದೇ. ಪಾತಾಳಗರಡಿ ತರಿಸಿ ಬಾವಿಗೆ ಇಳಿಬಿಟ್ಟೆವು. ಕೊಕ್ಕೆ ಕಲ್ಲಿಗೆ ತಾಗಿ ಟಣ್... ಟಣ್... ಅನ್ನುತ್ತಿತ್ತು. ಹಳೇ ಬಿಂದಿಗೆ ಬಂತು, ಹರಿದ ಚೀಲ ಬಂತು. ಅವನು ಬರಲಿಲ್ಲ. ಪ್ರತಿ ಸಲ ಹಗ್ಗ ಭಾರವಾದಾಗಲೂ ಅಕ್ಷತಾ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ನಾನು ಕಳಿಸಿದ ಲಾರಿಯವನೇ ಬಂದು ಕೇಳಿದ. "ಸಾರ್, ಗ್ಯಾರೇಜ್ ಹತ್ರ ಕಾಯ್ತಾ ಇದೀವಿ. ಹೊರಗಿಂದ ಬೀಗ ಐತೆ. ಒಳಗೆ ಗಾಡಿ ಚಾಲೂ ಮಾಡಿ ಯಾಕ್ ಬುಟ್ಟೋಗಿದ್ದೀರಾ?"

"ಡಗಡಗ ಅಂತಾ ಇದ್ಯಾ?"

"ಇಲ್ಲ ಸಾರ್. ಷಟರಿಗೆ ಕಿವಿ ಇಟ್ರೆ... ಸುಯ್ ಅಂತೈತೆ."

ಬೀಗ ತೆಗೆದದ್ದು ನಾನೇ. ಕೀ ಅಕ್ಷತಾಳ ಸೆರಗಿನ ಗಂಟಿನಲ್ಲಿತ್ತು, ಬಿಚ್ಚಿ ಕೊಟ್ಟಳು. ಷಟರ್ ಎತ್ತಿದೆ. ಮಹಾಂತೇಶ ಡ್ರೈವರ್ ಸೀಟಿನಲ್ಲಿ ಬರಿಗಾಲಲ್ಲಿ ಕೂತಿದ್ದ. ಎರಡು ಕೈಯೂ ಸ್ಟಿಯರಿಂಗ್ ಮೇಲೆ. ಕಣ್ಣು ತೆರೆದೇ ಇತ್ತು. ಮ್ಯಾಟಡಾರ್ ಎಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಆ ಸದ್ದು ಅದರದಲ್ಲ.

ಅವನ ಎದೆಯಿಂದ ಬರುತ್ತಿತ್ತು.

ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಒಬ್ಬರಾದ ಮೇಲೆ ಒಬ್ಬರು ನೋಡಿದರು. ಪಾರ್ಶ್ವವಾಯು ಅಂದರು, ಆಘಾತ ಅಂದರು, ಕೊನೆಗೆ ಮನೆಗೆ ಕರೆದುಕೊಂಡು ಹೋಗಿ ಅಂದರು. ಮಾತಿಲ್ಲ. ಕರೆದರೆ ತಿರುಗುವುದಿಲ್ಲ. ಗಂಜಿ ಬಾಯಿಗಿಟ್ಟರೆ ನುಂಗುತ್ತಿದ್ದ. ನೀರು ಮಾತ್ರ ಕೊಡ ಕೊಡ ಕುಡಿಯುತ್ತಿದ್ದ. ಮೈ ಯಾವಾಗಲೂ ಸುಡುತ್ತಿತ್ತು, ಜ್ವರವಲ್ಲ. ರಾತ್ರಿ ಮನೆ ನಿಶ್ಶಬ್ದವಾದಾಗ ಹಾಸಿಗೆಯ ಹತ್ತಿರ ಕೂತರೆ... ಸುಯ್ಯ್... ಸದ್ದಿಗೆ ಏರಿಲ್ಲ, ಇಳಿತವಿಲ್ಲ. ಮನುಷ್ಯನ ಉಸಿರು ಹಾಗಿರುವುದಿಲ್ಲ.

ಒಂದು ದಿನ ನೋಡಲು ಹೋದಾಗ ಅಕ್ಷತಾ ಅಡುಗೆಮನೆಯಿಂದ ಒಂದು ಲೋಟ ತಂದಳು. ಮಲಗಿದ್ದವನ ಎದೆಯ ಮೇಲೆ ಇಟ್ಟು, ಚೊಂಬಿನಿಂದ ಅಂಚಿನವರೆಗೆ ನೀರು ತುಂಬಿದಳು. ವಕೀಲರ ಲೋಟದ ಆಟ ಅವಳಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಹೇಳಿದ್ದರೆ ಮಹಾಂತೇಶನೇ ಹೇಳಿರಬೇಕು. ಎದೆ ಏರಿ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ನೀರು ಅಲುಗಲಿಲ್ಲ.

"ಭಾವಾ," ಅಂದಳು ಮೆಲ್ಲಗೆ, "ವಕೀಲರಿಗೆ ಎಂಜಿನ್ ಸಿಕ್ತು."

ನಾನು ಲೋಟ ಎತ್ತಿ ನೀರನ್ನು ಅಂಗಳಕ್ಕೆ ಚೆಲ್ಲಿ ಬಂದೆ.

ಹಾಗೇ ನಾಲ್ಕು ವರ್ಷ ಬದುಕಿದ. ಬದುಕಿದ ಅನ್ನುವುದಾದರೆ. ಮಠದ ಸ್ವಾಮಿಗಳು ಬಂದು ಹಣೆಗೆ ವಿಭೂತಿ ಹಚ್ಚಿ, ಕೈ ಹಿಡಿದು ಕೂತು ಎದ್ದು ಹೋದರು. ತಾಯತವಾಯಿತು, ದರ್ಗಾದ ನವಿಲುಗರಿಯಾಯಿತು. ಗ್ಯಾರೇಜ್ ಮುಚ್ಚಿತು, ಗಾಡಿ ಒಳಗೇ ಉಳಿಯಿತು. ಅಕ್ಷತಾ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕೆ ಸೇರಿದಳು. ಗಾಡಿ ಕತ್ತರಿಸಲು ನಾನು ಮತ್ತೆರಡು ಸಲ ಲಾರಿ ಕಳಿಸಿದೆ. ಕಟರ್ ಹಚ್ಚಿದ ತಕ್ಷಣ ಮನೆಯಲ್ಲಿ ಮಹಾಂತೇಶ ಚೀರಿದನಂತೆ. ಗ್ಯಾರೇಜಿಗೂ ಮನೆಗೂ ಇರುವ ದೂರ ನಿಮಗೆ ಗೊತ್ತು. ಎರಡನೇ ಸಲ ಅಕ್ಷತಾಳೇ ಬರಿಗಾಲಲ್ಲಿ ಓಡಿ ಬಂದು ಕಟರಿನವನ ಕೈ ಹಿಡಿದುಕೊಂಡಳು. ಆಮೇಲೆ ಯಾರೂ ಮುಟ್ಟಲಿಲ್ಲ.

ಎರಡು ಸಾವಿರದ ಮೂರರಲ್ಲಿ ಹೋದ. ನಮ್ಮ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡಿದೆವು. ಗುಂಡಿಯೊಳಗೆ ಇಳಿದು ಕೂರಿಸಿದವನು ನಾನು. ಬೆರಳುಗಳನ್ನು ಬಿಡಿಸಿ ಅಂಗೈಯಲ್ಲಿ ಲಿಂಗ ಇಡಬೇಕು. ಬಿಡಿಸಲು ಬಹಳ ಕಷ್ಟವಾಯಿತು. ಸ್ಟಿಯರಿಂಗ್ ಹಿಡಿದ ಹಾಗೇ ಬಾಗಿದ್ದವು.

ಆಮೇಲಿನದು ವ್ಯಾಪಾರ. ಮ್ಯಾಟಡಾರ್ ಎಂಜಿನ್ ನಾನೇ ಎದುರು ನಿಂತು ಇಳಿಸಿ ಮಾರಿ, ಬಂದದ್ದನ್ನು ಅಕ್ಷತಾಳಿಗೆ ಕೊಟ್ಟೆ. ಖಾಲಿ ಗಾಡಿಯನ್ನು ನಂಜನಗೂಡು ರಸ್ತೆಯ ಒಂದು ರೆಸಾರ್ಟಿನವರು ಬಾಗಿಲ ಮುಂದೆ ಅಲಂಕಾರಕ್ಕೆ ಇಡಲು ಕೊಂಡರು. ಟೈರು ಹಾಳಾಗದಿರಲಿ ಅಂತ ಗಾಡಿಯನ್ನು ಕಬ್ಬಿಣದ ಕುದುರೆಗಳ ಮೇಲೆ, ಅಂದರೆ ಕಾಲಿರುವ ಸ್ಟ್ಯಾಂಡುಗಳ ಮೇಲೆ, ಎತ್ತಿ ಕೂರಿಸಿದರು. ಕುದುರೆಗಳನ್ನು ಸಿಮೆಂಟಿನಲ್ಲಿ ಹೂತರು. ಚಕ್ರ ನೆಲಕ್ಕೆ ತಾಗುವುದಿಲ್ಲ; ಕೆಳಗೆ ಒಂದು ಗೇಣು ಖಾಲಿ. ಎಲ್ಲ ನಾನೇ ನೋಡಿ ಬಂದಿದ್ದೆ. ಸಾಮಾನು ಕೊಟ್ಟ ಮೇಲೆ ಅದು ಸರಿಯಾಗಿ ಕೂತಿದೆಯೇ ಅಂತ ನೋಡುವುದು ನನ್ನ ಅಭ್ಯಾಸ.

ಹೋದ ವರ್ಷ ಆಯುಧಪೂಜೆಯ ಮಾರನೇ ಬೆಳಗ್ಗೆ ಅಲ್ಲಿಯ ಮ್ಯಾನೇಜರ್ ವಾಗೀಶ ಫೋನ್ ಮಾಡಿದ. ಹೊಸದಾಗಿ ಬಂದ ಹುಡುಗ, ಹಳೇದೇನೂ ಗೊತ್ತಿಲ್ಲ.

"ಸಾರ್, ಈ ಗಾಡೀಲಿ ಎಂಜಿನ್ ಇಲ್ಲ ತಾನೇ?"

"ಇಲ್ಲ. ಯಾಕಪ್ಪ?"

"ಏನಿಲ್ಲ... ನಿನ್ನೆ ಎಲ್ಲಾ ಗಾಡಿಗೂ ಪೂಜೆ ಮಾಡಿದ್ವಿ. ಇದಕ್ಕೂ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ವಿ. ಸುಮ್ನೆ, ಗೆಸ್ಟುಗಳು ಫೋಟೋ ತೆಗೀಲಿ ಅಂತ. ನೀವೊಂದ್ಸಲ ಬರ್ತೀರಾ?"

ಹೋದೆ. ತೂಕದಲ್ಲಿ ನಾನು ಯಾವತ್ತೂ ಗ್ರಾಂ ಹೆಚ್ಚು ಹೇಳಿದವನಲ್ಲ, ಇದರಲ್ಲೂ ಹೇಳುವುದಿಲ್ಲ. ಕುದುರೆಗಳು ಸಿಮೆಂಟಿನಲ್ಲಿ ಹಾಗೇ ಇದ್ದವು. ಬಾನೆಟ್ ಎತ್ತಿಸಿದೆ, ಒಳಗೆ ಬರೀ ನೆಲ ಕಾಣುತ್ತಿತ್ತು. ನಿಂಬೆಹಣ್ಣು ನಾಲ್ಕೂ ಅಪ್ಪಚ್ಚಿಯಾಗಿದ್ದವು. ಮಂಡಿಯೂರಿ ಮುಂದಿನ ಟೈರನ್ನು ನೋಡಿದೆ. ಒಂದು ಬೀಜ ಅದರ ಸಂದಿಯಲ್ಲಿ ಸಿಕ್ಕಿಕೊಂಡಿತ್ತು, ಕೆಳಗಲ್ಲ, ಮೇಲೆ, ಮಡ್‌ಗಾರ್ಡಿನ ಒಳಗೆ. ಕೈ ತೂರಿಸಿ ಉಗುರಿನಲ್ಲಿ ಕಿತ್ತೆ. ಇನ್ನೂ ಹಸಿಯಾಗಿತ್ತು.